ಎಡ ಪಿರಿಯ ನಟ್ಟು

ಯಾವ ವರ್ಕ್‌ಶಾಪಿಗೆ ಹೋದರೂ ಸುರಕ್ಷಾ ಬಾಗಿಲಲ್ಲಿ ಒಂದು ಗಳಿಗೆ ಕಿವಿಗೊಟ್ಟು ನಿಲ್ಲುತ್ತಿದ್ದಳು. ಎಲ್ಲಿಂದಾದರೂ ಒಂದು ಕಿರ್ ಎನ್ನುವ ಸದ್ದು ಬಂದೇ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಶಟರಿನ ಬದಿಯಿಂದಲೋ, ಗೋಡೆಯ ಫ್ಯಾನಿನಿಂದಲೋ, ಧಣಿ ಕೂತ ತಿರುಗುವ ಕುರ್ಚಿಯ ಬುಡದಿಂದಲೋ. ಜಾಗ ಗೊತ್ತಾದ ಕೂಡಲೇ ಹೆಗಲ ಚೀಲದಿಂದ ಒಂದು ಡಬ್ಬಿ ತೆಗೆದು, ಯಾರನ್ನೂ ಕೇಳದೆ ಅಲ್ಲಿಗೆ ಚುಯ್ ಎಂದು ಸ್ಪ್ರೇ ಹೊಡೆಯುತ್ತಿದ್ದಳು. ವರ್ಷಗಟ್ಟಲೆ ಕೇಳಿ ಅಭ್ಯಾಸವಾದ ಸದ್ದು ಥಟ್ಟನೆ ನಿಂತರೆ ಎಂಥ ಧಣಿಯೂ ತಲೆಯೆತ್ತಿ ನೋಡುತ್ತಾನೆ. ಮಾತು ಶುರುವಾಗುತ್ತಿದ್ದದ್ದು ಆಮೇಲೆ.

ಬಿ.ಸಿ.ರೋಡಿನಲ್ಲಿ ಅಬ್ದುಲ್ ಸಮದ್ ಎಂಬವರ ಏಜೆನ್ಸಿ. ತುಕ್ಕು ಬಿಡಿಸುವ ಸ್ಪ್ರೇ, ಚೈನಿಗೆ ಹೊಡೆಯುವ ಸ್ಪ್ರೇ, ಬ್ರೇಕ್ ತೊಳೆಯುವ ಸ್ಪ್ರೇ, ಸ್ವಿಚ್ಚಿನೊಳಗಿನ ಕರಿ ತೆಗೆಯುವ ಸ್ಪ್ರೇ, ಬೆಲ್ಟು ಜಾರದಂತೆ ಹಿಡಿದಿಡುವ ಸ್ಪ್ರೇ, ಗ್ರೀಸ್ ಮೆತ್ತಿದ ಕೈ ತೊಳೆಯುವ ಪೇಸ್ಟು, ಹೀಗೆ ಗ್ಯಾರೇಜು, ಮಿಲ್ಲು, ಫ್ಯಾಕ್ಟರಿಗಳಿಗೆ ಬೇಕಾದದ್ದೆಲ್ಲ ಅಲ್ಲಿತ್ತು. ಸುರಕ್ಷಾ ಅಲ್ಲಿಗೆ ಸೇರಿದ್ದು ಬಿಲ್ಲು ಬರೆಯುವ ಕೆಲಸಕ್ಕೆ. ಅಂಗಡಿ ಅಂಗಡಿಗೆ ಮಾಲು ಮಾರಲು ಲೈನಿಗೆ ಹೋಗುತ್ತಿದ್ದ ಗಂಡಸು ದುಬಾಯಿಗೆ ಹೊರಟುಹೋದಾಗ, "ಬೇರೆ ಜನ ಸಿಗುವವರೆಗೆ ನಾನು ಹೋಗಿ ಬರ್ತೇನೆ ಕಾಕ" ಎಂದು ಒಂದು ಪೆಟ್ಟಿಗೆ ಡಬ್ಬಿಗಳನ್ನು ಸ್ಕೂಟರಿಗೆ ಕಟ್ಟಿಕೊಂಡು ಹೋದಳು. ವಿಟ್ಲಕ್ಕೆ ಹೋಗಿ, ಪೆಟ್ಟಿಗೆ ಖಾಲಿ ಮಾಡಿಕೊಂಡು, ಮೂಗಿನ ತುದಿಗೆ ಗ್ರೀಸ್ ಹಚ್ಚಿಕೊಂಡು ಸಂಜೆ ತಿರುಗಿ ಬಂದಳು. ಸಮದ್ ಕಾಕ ಅಂದಿನಿಂದ ಬೇರೆ ಜನ ಹುಡುಕುವುದನ್ನು ಬಿಟ್ಟರು.

ಕೆಲಸ ಅವಳಿಗೆ ಹಿಡಿಸಿತ್ತು. ಊರೂರು ಸುತ್ತುವುದು, ಯಂತ್ರಗಳನ್ನು ನೋಡುವುದು, ಎಲ್ಲರ ಹತ್ತಿರ ಪಟ್ಟಾಂಗ ಹೊಡೆಯುವುದು. ಸಂಬಂಧಗಳು ಬರುತ್ತಿದ್ದವು, ಹೋಗುತ್ತಿದ್ದವು. ಎಲ್ಲ ಮಾತುಕತೆಯೂ ಬಂದು ಎಡವುತ್ತಿದ್ದದ್ದು ಒಂದೇ ಕಡೆ: ಮದುವೆಯಾದ ಮೇಲೆ ಈ ಡಬ್ಬಿ ಮಾರುವುದು ಬಿಡಬೇಕು. ಪಾಣೆಮಂಗಳೂರಿನ ಮನೆಯ ಜಗಲಿಯಲ್ಲಿ ಹೊಲಿಗೆ ಕ್ಲಾಸು ನಡೆಸುವ ಅವಳ ತಾಯಿ ಕಾಂತಿ ಮೊದಮೊದಲು ಬೇಸರಪಟ್ಟುಕೊಂಡರು. ಆಮೇಲೆ ಬಂದವರಿಗೆ ಚಾ ಕೊಡುವ ಮೊದಲೇ ಆ ವಿಷಯ ಕೇಳತೊಡಗಿದರು. "ಬೇಡದವರಿಗೆ ಸಕ್ಕರೆ ಯಾಕೆ ದಂಡ" ಎನ್ನುವುದು ಅವರ ಲೆಕ್ಕ. ಸುರಕ್ಷಾಳಿಗೆ ಮೂವತ್ತಾರಾಯಿತು. ಬರುವವರು ಕಡಿಮೆಯಾದರು. ತಾಯಿ ಮಗಳಿಬ್ಬರಿಗೂ ಅದೊಂದು ದೊಡ್ಡ ಕೊರತೆಯಾಗಿ ಕಾಣಲಿಲ್ಲ.

ಅವಳ ಲೈನಿನಲ್ಲಿ ಒಂದೇ ಒಂದು ಕಡೆ ಮಾತ್ರ ಅವಳ ಕಿವಿಯ ವಿದ್ಯೆ ನಡೆಯಲಿಲ್ಲ. ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ದಾರಿಯಲ್ಲಿ ಶಿಶಿರ್ ಎಂಬವನ ಲೇತ್ ವರ್ಕ್‌ಶಾಪು. ಮೊದಲ ಸಲ ಹೋದಾಗ ಅವಳು ಬಾಗಿಲಲ್ಲಿ ನಿಂತು ಎಷ್ಟು ಕಿವಿಗೊಟ್ಟರೂ ಏನೂ ಕೇಳಲಿಲ್ಲ. ಲೇತು ಬೆಣ್ಣೆಯಂತೆ ತಿರುಗುತ್ತಿತ್ತು. ಶಟರು, ಫ್ಯಾನು, ಸ್ಟೂಲು ಯಾವುದಕ್ಕೂ ದನಿಯಿಲ್ಲ. ನಲವತ್ತರ ಹತ್ತಿರದ ಮನುಷ್ಯನೊಬ್ಬ ಉದ್ದ ಮೂತಿಯ ಎಣ್ಣೆ ಡಬ್ಬ ಹಿಡಿದುಕೊಂಡು, ಗಿಡಕ್ಕೆ ನೀರು ಹಾಕುವವನಂತೆ ಯಂತ್ರದಿಂದ ಯಂತ್ರಕ್ಕೆ ಹೋಗುತ್ತಿದ್ದ.

ಅವಳು ತನ್ನ ಡಬ್ಬಿಗಳನ್ನು ತೋರಿಸಿದಾಗ ಅವನು ಒಂದೊಂದನ್ನೂ ತಿರುಗಿಸಿ ಪೂರ್ತಿ ಓದಿ, ಜಾಗ್ರತೆಯಿಂದ ವಾಪಸು ಕೊಟ್ಟ.

"ಒಳ್ಳೆಯದೇ ಇರಬಹುದು. ಆದ್ರೆ ನನ್ನಲ್ಲಿ ಎಣ್ಣೆ ಉಂಟು, ಸೀಮೆಎಣ್ಣೆ ಉಂಟು, ಸುತ್ತಿಗೆ ಉಂಟು. ಇದು ಸದ್ಯಕ್ಕೆ ಬೇಡ," ಎಂದ.

"ಆಯ್ತು, ಮುಂದಿನ ವಾರ ಬರ್ತೇನೆ," ಎಂದಳು ಸುರಕ್ಷಾ.

"ಬನ್ನಿ. ಚಾ ಕುಡಿದು ಹೋಗಿ."

ಹಾಗೆ ಅವಳು ವಾರವಾರ ಹೋದಳು. ಅವನು ವಾರವಾರ ಬೇಡ ಎಂದ. ಬೇಡ ಎನ್ನುವ ಮೊದಲು ಸ್ಟೂಲನ್ನು ಬಟ್ಟೆಯಿಂದ ಒರೆಸಿ ಇಡುತ್ತಿದ್ದ, ಎದುರಿನ ಹೋಟೆಲಿನಿಂದ ಚಾ ತರಿಸುತ್ತಿದ್ದ. ಮಳೆಗಾಲ ಬಂದ ಮೇಲೆ ಚಾದ ಜೊತೆ ಬಿಸಿ ಗೋಳಿಬಜೆಯೂ ಬರತೊಡಗಿತು. ಅವನು ಅಪರೂಪದ ಕೆಲಸ ಏನಾದರೂ ಮಾಡುತ್ತಿದ್ದರೆ ತೋರಿಸುತ್ತಿದ್ದ. ಅವಳು ಆ ವಾರ ಎಲ್ಲೆಲ್ಲಿ ಏನೇನು ನೋಡಿದೆ ಎಂದು ಹೇಳುತ್ತಿದ್ದಳು. "ಒಬ್ಬ ಗಿರಾಕಿಯನ್ನು ಒಪ್ಪಿಸುವುದಕ್ಕೆ ಇಷ್ಟು ಪೆಟ್ರೋಲ್ ಯಾಕೆ ಮಗಾ?" ಎಂದು ಸಮದ್ ಕಾಕ ಕೇಳಿದರೆ, "ಬಿಡ್ಲಿಕ್ಕಾಗುವುದಿಲ್ಲ ಕಾಕ, ಹಠ ಬಂದಿದೆ," ಎನ್ನುತ್ತಿದ್ದಳು. ಹಠ ಎಂದೇ ಅವಳು ನಂಬಿದ್ದಳು ಕೂಡ.

ಮಳೆಗಾಲದ ಏಣಿಲು ಭತ್ತದ ಕೊಯ್ಲು ಮುಗಿದು, ಬೆಳಿಗ್ಗೆ ಸ್ವಲ್ಪ ಚಳಿ ಹಿಡಿಯುವ ದಿನಗಳು. ಒಂದು ದಿನ ಸುರಕ್ಷಾ ನಾರಾವಿಯ ಗ್ಯಾರೇಜೊಂದಕ್ಕೆ ಹೊರಟಿದ್ದಳು. ಪೇಟೆಗೆ ಸ್ವಲ್ಪ ಮೊದಲು ಅಣ್ಣು ಹೆಗ್ಡೆಯವರ ಹಳೆಯ ಅಕ್ಕಿ ಮಿಲ್ಲಿನ ಅಂಗಳದಲ್ಲಿ ಜನ ಕಂಡರು. ಬಾಗಿಲು ಹಾಕಿ ಎಷ್ಟೋ ಕಾಲವಾಗಿದ್ದ ಮಿಲ್ಲು ಅದು. ಅಂಗಳದಲ್ಲಿ ಭತ್ತದ ಗೋಣಿಗಳು, ರಿಕ್ಷಾ ಟೆಂಪೋಗಳು, ಅವುಗಳ ನಡುವೆ ಶಿಶಿರನ ಪಿಕಪ್. ಪಿಕಪ್ ನೋಡಿದ್ದೇ ಸ್ಕೂಟರ್ ತಾನಾಗಿ ಒಳಗೆ ತಿರುಗಿದಂತೆ ಆಯಿತು.

ಎಪ್ಪತ್ತು ದಾಟಿದ ಅಣ್ಣು ಹೆಗ್ಡೆಯವರು ಬಿಳಿ ಪಂಚೆ ಎತ್ತಿ ಕಟ್ಟಿ ಬಾಗಿಲಲ್ಲೇ ನಿಂತಿದ್ದರು. ಸುತ್ತಲಿನವರು ಕೆಂಪಕ್ಕಿಯ ಭತ್ತ ಬೆಳೆದು ಅದನ್ನು ಬೆಳ್ತಂಗಡಿಯವರೆಗೆ ಹೊತ್ತುಕೊಂಡು ಹೋಗುವುದನ್ನು ನೋಡಲಾರದೆ, ತಂದೆ ಕಟ್ಟಿದ ಮಿಲ್ಲನ್ನು ಮತ್ತೆ ಶುರು ಮಾಡಲು ಅವರು ಹೊರಟಿದ್ದರು. ಯಂತ್ರಗಳನ್ನೆಲ್ಲ ಸರಿಮಾಡಿದ್ದು ಶಿಶಿರ್. ಆದರೆ ಹಿಂದಿನ ದಿನ ಓಡಿಸಿ ನೋಡುವಾಗ ದೊಡ್ಡ ಶಾಫ್ಟಿನ ಬೇರಿಂಗ್ ನರಳಿತು. ಬೇರಿಂಗ್ ಬದಲಾಯಿಸಬೇಕಾದರೆ ಶಾಫ್ಟಿನ ತುದಿಯ ಪುಲ್ಲಿ ಬಿಚ್ಚಬೇಕು. ಪುಲ್ಲಿ ಬಿಚ್ಚಬೇಕಾದರೆ ಅದನ್ನು ಹಿಡಿದಿಟ್ಟ ನಟ್ಟು ಕಳಚಬೇಕು. ತೆಂಗಿನಕಾಯಿಯಷ್ಟು ದೊಡ್ಡ ಆ ನಟ್ಟು ಬೆಳಗ್ಗಿನಿಂದ ಜಪ್ಪಯ್ಯ ಎಂದರೂ ಅಲ್ಲಾಡಿರಲಿಲ್ಲ. ಇವತ್ತು ಮಿಲ್ಲು ಶುರು ಎಂದು ಕೇಳಿದ ಜನ ಮಾತ್ರ ಭತ್ತ ಹೇರಿಕೊಂಡು ಬಂದಾಗಿತ್ತು.

ಶಿಶಿರ್ ಬೆವರಿನಲ್ಲಿ ತೊಯ್ದುಹೋಗಿದ್ದ. ದೊಡ್ಡ ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ ಜೋತುಬಿದ್ದದ್ದರಿಂದ ಅಂಗೈ ಕೆಂಪಾಗಿತ್ತು. ಸುರಕ್ಷಾಳನ್ನು ಕಂಡು ಅವನ ಮುಖ ಅರಳಿತು.

"ಒಳ್ಳೆ ಸಮಯಕ್ಕೆ ಬಂದ್ರಿ. ಇವತ್ತು ನಾನು ಬೇಡ ಅನ್ನುವುದಿಲ್ಲ. ಡಬ್ಬಿ ಉಂಟಾ?"

"ಗ್ಯಾಸ್ ಹಿಡಿದು ಕಾಯಿಸಲಿಲ್ವಾ?"

"ಹೇಗೆ ಹಿಡಿಯುವುದು? ಮೇಲೆ ನೋಡಿ."

ಅವಳು ತಲೆಯೆತ್ತಿದಳು. ಮರದ ಅಟ್ಟ, ಮರದ ಏಣಿ, ಎಲ್ಲದರ ಮೇಲೂ ಹಳೆಯ ತೌಡಿನ ಧೂಳು. ಒಂದು ಕಿಡಿ ಬಿದ್ದರೆ ಸಾಕು. ಸುತ್ತಿಗೆ ಹಿಡಿಯುವಂತೆಯೂ ಇರಲಿಲ್ಲ. ಪುಲ್ಲಿ ಹಳೆಯ ಎರಕದ ಕಬ್ಬಿಣದ್ದು, ಒಡೆದರೆ ಅಂಥದ್ದು ಇನ್ನೆಲ್ಲೂ ಸಿಗದು.

ಸುರಕ್ಷಾ ತುಕ್ಕು ಬಿಡಿಸುವ ಡಬ್ಬಿ ತೆಗೆದು, ಮೂತಿಗೆ ಕೆಂಪು ಕೊಳವೆ ಸಿಕ್ಕಿಸಿ, ನಟ್ಟಿನ ಸುತ್ತ ಹೊಡೆದಳು. ನೊರೆ ಬುಸುಗುಟ್ಟಿ ತುಕ್ಕಿನೊಳಗೆ ಇಳಿಯಿತು.

"ಹತ್ತು ನಿಮಿಷ," ಎಂದಳು. ಡಬ್ಬಿಯ ಮೇಲೆ ಹಾಗೆ ಬರೆದಿತ್ತು.

ಅಣ್ಣು ಹೆಗ್ಡೆಯವರು ಅಂಗಳಕ್ಕೆ ಹೋಗಿ, "ಹತ್ತು ನಿಮಿಷದಲ್ಲಿ ಆಗ್ತದಂತೆ," ಎಂದು ಸಾರಿ ಬಂದರು. ಜನ ಒಳಗೆ ಬಂದು ಸುತ್ತ ನಿಂತರು. ಹತ್ತು ನಿಮಿಷ ಕಳೆಯಿತು. ಶಿಶಿರ್ ಪೈಪಿಗೆ ಜೋತುಬಿದ್ದ. ಏನೂ ಆಗಲಿಲ್ಲ. ಅವಳು ಮತ್ತೆ ಹೊಡೆದಳು. ಈ ಸಲ ರಿಕ್ಷಾದವರು ಇಬ್ಬರು ಕೈ ಕೊಟ್ಟರು. ಪೈಪು ಬಾಗಿತೇ ವಿನಾ ನಟ್ಟು ಮಿಸುಕಲಿಲ್ಲ.

ಭತ್ತ ತಂದವರಲ್ಲಿ ವಾಗ್ದೇವಿ ಎಂಬ ರಿಟಾಯರಾದ ಟೀಚರೊಬ್ಬರಿದ್ದರು. ಅವರು ಗೋಣಿಯ ಮೇಲೆ ಕೂತಲ್ಲಿಂದಲೇ, "ಅಲ್ಲ ಮಗಾ, ನಿಮ್ಮ ಕಂಪೆನಿಯಲ್ಲಿ ಒಂದು ನಿಮಿಷ ಅಂದ್ರೆ ಎಷ್ಟು ಉದ್ದ?" ಎಂದು ಕೇಳಿದರು. ಎಲ್ಲರೂ ನಕ್ಕರು. "ಟಿವಿಯಲ್ಲಿ ಬರುವ ಸಾಬೂನಿನ ಹಾಗೆ ಇದು," ಎಂದ ಇನ್ನೊಬ್ಬ.

ಸುರಕ್ಷಾಳ ಕಿವಿ ಬಿಸಿಯಾಯಿತು. ಇಷ್ಟು ಜನರ ಮುಂದೆ ಅವಳ ಡಬ್ಬಿ ಸೋತದ್ದು ಇದೇ ಮೊದಲು. ಶಿಶಿರ್ ಈಗ ಏನು ಹೇಳುತ್ತಾನೋ ಎಂದು ಅವಳು ಅವನ ಕಡೆ ನೋಡಲಿಲ್ಲ.

"ಡಬ್ಬಿಯ ತಪ್ಪಲ್ಲ," ಎಂದ ಶಿಶಿರ್, ಎಲ್ಲರಿಗೂ ಕೇಳುವ ಹಾಗೆ. "ಇದು ನಮ್ಮ ಅಪ್ಪಂದಿರ ಕಾಲದ ತುಕ್ಕು. ಒಳಗಿನವರೆಗೆ ನೆನೆಯಬೇಕಾದ್ರೆ ಪುರುಸೊತ್ತು ಬೇಡ್ವಾ? ಹೊಡೆದು ಬಿಡುವ. ಅಷ್ಟರಲ್ಲಿ ಊಟ ಮಾಡುವ."

ತಿಂಗಳುಗಟ್ಟಲೆ ಬೇಡ ಬೇಡ ಎಂದ ಮನುಷ್ಯ ತನ್ನ ಡಬ್ಬಿಯ ಪರವಾಗಿ ವಕಾಲತ್ತು ಮಾಡುವುದನ್ನು ಅವಳು ಆಶ್ಚರ್ಯದಿಂದ ಕೇಳಿದಳು.

ಅಣ್ಣು ಹೆಗ್ಡೆಯವರ ಮನೆಯಿಂದ ದೊಡ್ಡ ಪಾತ್ರೆಯಲ್ಲಿ ಗಂಜಿ, ಹುರುಳಿ ಚಟ್ನಿ, ಮಿಡಿ ಉಪ್ಪಿನಕಾಯಿ ಬಂತು. "ನಾಳೆಯಿಂದ ನಮ್ಮದೇ ಮಿಲ್ಲಿನ ಅಕ್ಕಿ. ಇವತ್ತು ಅಂಗಡಿಯದ್ದು, ಯಾರೂ ಹೊರಗೆ ಹೇಳಬೇಡಿ," ಎಂದು ಅವರೇ ಬಡಿಸಿದರು. ಹುಣಸೆ ಮರದ ನೆರಳಿನಲ್ಲಿ ಎಲ್ಲರೂ ಕೂತರು. ಶಿಶಿರ್ ಬಟ್ಟಲು ಹಿಡಿದುಕೊಂಡು ಸುರಕ್ಷಾಳ ಪಕ್ಕದ ಗೋಣಿಯ ಮೇಲೆ ಬಂದು ಕೂತ.

"ಬೇಜಾರು ಮಾಡ್ಕೊಂಡ್ರಾ?"

"ನನಗಲ್ಲ, ಡಬ್ಬಿಗೆ ಬೇಜಾರಾಗಿದೆ."

ಅವನು ನಕ್ಕ. "ದಿನಾ ಹೀಗೆ ಸುತ್ತುವಾಗ ಸುಸ್ತಾಗುವುದಿಲ್ವಾ ನಿಮಗೆ?"

"ಮನೆಯಲ್ಲಿ ಕೂತರೆ ಸುಸ್ತಾಗ್ತದೆ. ಆದಿತ್ಯವಾರ ಸಂಜೆಯ ಹೊತ್ತಿಗೆ ಅಮ್ಮ ನನ್ನನ್ನು ಹೊರಗೆ ಹಾಕ್ತಾರೆ, ಒಮ್ಮೆ ಎಲ್ಲಾದರೂ ಹೋಗಿ ಬಾ ಮಾರಾಯ್ತಿ ಅಂತ."

"ನನಗೆ ಉಲ್ಟಾ. ಮನೆಯಲ್ಲಿ ಒಬ್ಬನೇ, ಎಲ್ಲಿಗೂ ಹೋಗುವುದಿಲ್ಲ. ಊರಿನ ಸುದ್ದಿ ಎಲ್ಲ ನೀವು ಬಂದು ಹೇಳಿದರೇ ಉಂಟು," ಎಂದ ಅವನು, ಗಂಜಿಯ ಬಟ್ಟಲನ್ನು ನೋಡುತ್ತ.

ಊಟ ಮುಗಿಸಿ ಜನ ಅಲ್ಲಲ್ಲೇ ಒರಗಿದರು. ಸುರಕ್ಷಾಳಿಗೆ ಕೂರಲಾಗಲಿಲ್ಲ. ಒಬ್ಬಳೇ ಒಳಗೆ ಹೋಗಿ ನಟ್ಟಿಗೆ ಮತ್ತೊಮ್ಮೆ ಸ್ಪ್ರೇ ಹೊಡೆದಳು. ನಟ್ಟಿನಿಂದ ಹೊರಗೆ ಚಾಚಿದ ಶಾಫ್ಟಿನ ತುದಿ ತುಕ್ಕು, ತೌಡು, ಹಳೆಯ ಗ್ರೀಸು ಎಲ್ಲ ಸೇರಿ ಗಟ್ಟಿಯಾಗಿ ಕರಿಯ ಉಂಡೆಯಂತಿತ್ತು. ಅದಕ್ಕೂ ಧಾರಾಳವಾಗಿ ಹೊಡೆದು, ಶಿಶಿರನ ಪೆಟ್ಟಿಗೆಯಿಂದ ತಂತಿಯ ಬ್ರಶ್ಶು ತೆಗೆದು ಉಜ್ಜತೊಡಗಿದಳು. ನೆನೆದ ಕೊಳೆ ಪದರಪದರವಾಗಿ ಎದ್ದುಬಂತು. ಬಟ್ಟೆಯಿಂದ ಒರೆಸಿದಾಗ ಕೆಳಗಿನ ಕಬ್ಬಿಣ ಹೊಳೆಯಿತು. ಅದರ ಮೇಲೆ ನಟ್ಟು ಹತ್ತಿ ಬಂದ ಪಿರಿಯ ಸುರುಳಿ ಗೆರೆಗಳು ಒಂದೊಂದಾಗಿ ಕಂಡವು.

ಅವಳು ಬಗ್ಗಿ ನೋಡಿದಳು. ಏನೋ ಸರಿಯಿಲ್ಲ ಎನಿಸಿತು. ಪೆಟ್ಟಿಗೆಯಿಂದ ಒಂದು ಸಾಧಾರಣ ಬೋಲ್ಟು ತಂದು ಪಕ್ಕದಲ್ಲಿ ಹಿಡಿದಳು. ಬೋಲ್ಟಿನ ಗೆರೆ ಒಂದು ಕಡೆಗೆ ವಾಲಿದ್ದರೆ ಶಾಫ್ಟಿನ ಗೆರೆ ಇನ್ನೊಂದು ಕಡೆಗೆ ವಾಲಿತ್ತು. ಎಡ ಪಿರಿ. ಎಲ್ಲ ನಟ್ಟು ಕಳಚಲು ತಿರುಗಿಸುವ ದಿಕ್ಕಿನಲ್ಲಿ ಇದನ್ನು ತಿರುಗಿಸಿದರೆ ಇದು ಇನ್ನಷ್ಟು ಬಿಗಿಯಾಗುತ್ತದೆ. ಬೆಳಗ್ಗಿನಿಂದ ಮೂವರು ಗಂಡಸರು ಪೈಪಿಗೆ ಜೋತುಬಿದ್ದು ಮಾಡಿದ್ದು ಅದನ್ನೇ.

ಕೂಗಿ ಹೇಳೋಣ ಎನಿಸಿತು ಒಂದು ಕ್ಷಣ. ಅಂಗಳದ ತುಂಬ ಅವಳನ್ನು ನೋಡಿ ನಕ್ಕವರೇ ಇದ್ದರು. ಆದರೆ ಹಿಂದೊಮ್ಮೆ ಉಜಿರೆ ಕಡೆಯ ಗ್ಯಾರೇಜೊಂದರಲ್ಲಿ ಮೇಸ್ತ್ರಿಯ ತಪ್ಪನ್ನು ಎಲ್ಲರೆದುರು ತೋರಿಸಿದ್ದಕ್ಕೆ ಅವನು ಮತ್ತೆ ಅವಳನ್ನು ಒಳಗೇ ಬಿಟ್ಟಿರಲಿಲ್ಲ. ಒಂದು ಗ್ಯಾರೇಜು ಹೋದರೆ ಹೋಗಲಿ ಎಂದು ಆಗ ಎಣಿಸಿದ್ದಳು. ಶಿಶಿರನ ವರ್ಕ್‌ಶಾಪು ಹೋದರೆ ಹೋಗಲಿ ಎಂದು ಎಣಿಸಲು ಅವಳಿಂದ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಯೋಚಿಸುತ್ತ ಬ್ರಶ್ಶು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೆಯೇ ನಿಂತಳು. ಉತ್ತರ ಹೊಳೆದಾಗ ಒಬ್ಬಳೇ ನಾಚಿದಳು.

ಬಾಗಿಲಿಗೆ ಹೋಗಿ, "ಒಂದು ನಿಮಿಷ ಒಳಗೆ ಬನ್ನಿ," ಎಂದು ಅವನನ್ನು ಮೆಲ್ಲಗೆ ಕರೆದಳು.

ಶಾಫ್ಟಿನ ಪಕ್ಕ ಬೋಲ್ಟು ಹಿಡಿದಳು. ಅವನು ಬಗ್ಗಿ ನೋಡಿದ. ಬಗ್ಗಿದವನು ಬಗ್ಗಿಯೇ ಇದ್ದ. ಅವನ ಹೆಗಲು ಸಣ್ಣಗೆ ಅಲುಗಾಡಿತು. ಆಮೇಲೆ ಇನ್ನೂ ಜೋರಾಗಿ. ಅವನು ನೆಲದ ಮೇಲೆ ಕೂತುಬಿಟ್ಟು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಕಣ್ಣಲ್ಲಿ ನೀರು ಬಂದಿತ್ತು.

"ಈಗಲೇ ಯಾರಿಗೂ ಹೇಳಬೇಡಿ," ಎಂದಳು ಅವಳು. "ಸ್ಪ್ರೇ ಹಿಡಿಯಿತು ಅಂತ ಹೇಳಿ ಮೆಲ್ಲಗೆ ಈ ಕಡೆಗೆ ತಿರುಗಿಸುವ. ಯಾರಿಗೂ ಗೊತ್ತಾಗುವುದಿಲ್ಲ."

"ಛೆ, ಇಷ್ಟು ಒಳ್ಳೆ ತಮಾಷೆ ಹೇಳದೆ ಇರುವುದಾ?" ಎಂದು ಅವನು ಎದ್ದು ಅಂಗಳಕ್ಕೆ ನಡೆದ. ಕೈಚಪ್ಪಾಳೆ ತಟ್ಟಿ ಒರಗಿದವರನ್ನೆಲ್ಲ ಎಬ್ಬಿಸಿದ.

"ಎಲ್ಲರೂ ಕೇಳಿ. ಬೆಳಗ್ಗಿನಿಂದ ನಾನು ಆ ನಟ್ಟನ್ನು ಬಿಚ್ಚುತ್ತಾ ಇರಲಿಲ್ಲ, ಬಿಗಿ ಮಾಡ್ತಾ ಇದ್ದೆ. ಅದು ಎಡ ಪಿರಿ. ಇವರು ಉಜ್ಜಿ ನೋಡಿದ್ದಕ್ಕೆ ಗೊತ್ತಾಯ್ತು. ಇಲ್ಲದಿದ್ರೆ ನಾಳೆಯವರೆಗೂ ಬಿಗಿ ಮಾಡ್ತಾ ಇರ್ತಿದ್ದೆ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಪೈಪಿಗೆ ಕೈ ಕೊಟ್ಟಿದ್ದ ರಿಕ್ಷಾದವನಿಗೆ ಮೊದಲು ಅರ್ಥವಾಗಿ, ಅವನು ತನ್ನ ನೋಯುವ ತೋಳನ್ನು ನೋಡಿಕೊಂಡು, "ಅಯ್ಯೋ ದೇವರೇ," ಎಂದ. ಅಲ್ಲಿಗೆ ಅಂಗಳ ಬಿದ್ದುಬಿದ್ದು ನಕ್ಕಿತು.

"ಹಾಗಾದ್ರೆ ಪಿರಿ ಲೂಸಾದದ್ದು ನಟ್ಟಿನದ್ದಲ್ಲ," ಎಂದರು ವಾಗ್ದೇವಿ ಟೀಚರು. ಶಿಶಿರ್ ಎಲ್ಲರಿಗಿಂತ ಜೋರಾಗಿ ನಕ್ಕ.

ಸುರಕ್ಷಾ ಅವನನ್ನೇ ನೋಡುತ್ತ ನಿಂತಳು. ತನ್ನ ತಪ್ಪನ್ನು ತಾನೇ ಹೊತ್ತು ತಂದು, ಪಾಯಸ ಹಂಚಿದಂತೆ ಹಂಚುವ ಗಂಡಸನ್ನು ಅವಳು ಯಾವ ವರ್ಕ್‌ಶಾಪಿನಲ್ಲೂ ಕಂಡಿರಲಿಲ್ಲ.

ದಿಕ್ಕು ಗೊತ್ತಾದ ಮಾತ್ರಕ್ಕೆ ಕೆಲಸ ಆಗಲಿಲ್ಲ. ಬೆಳಗ್ಗಿನಿಂದ ಬಿಗಿ ಮಾಡಿದ್ದನ್ನೂ ಸೇರಿಸಿ ಬಿಡಿಸಬೇಕಿತ್ತು. ಮತ್ತೆ ಸ್ಪ್ರೇ ಹೊಡೆದರು, ಮತ್ತೆ ಕಾದರು. ಈ ಸಲ ಸುರಕ್ಷಾ ಎಷ್ಟು ನಿಮಿಷ ಎಂದು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಅಣ್ಣು ಹೆಗ್ಡೆಯವರು ತಂದೆಯ ಕಾಲದಲ್ಲಿ ಈ ಮಿಲ್ಲಿಗೆ ಎತ್ತಿನ ಗಾಡಿಗಳು ಬರುತ್ತಿದ್ದ ಕಥೆ ಹೇಳಿದರು. ಡಬ್ಬಿ ಕೊನೆಯ ಹನಿಯವರೆಗೆ ಖಾಲಿಯಾದ ಮೇಲೆ ಶಿಶಿರ್ ಪೈಪು ಹಿಡಿದು, "ಬನ್ನಿ, ನೀವೂ ಹಿಡಿಯಿರಿ," ಎಂದು ಸುರಕ್ಷಾಳನ್ನು ಕರೆದ. ಇಬ್ಬರೂ ಹೆಗಲು ಕೊಟ್ಟರು.

ಕಟ್ ಎಂದು ಒಂದು ಸದ್ದು. ನಟ್ಟು ಬಿಟ್ಟಿತು. ಪೂರ್ತಿ ಮೈಭಾರ ಹಾಕಿದ್ದ ಶಿಶಿರ್ ಮುಗ್ಗರಿಸಿ ಮೂಲೆಯಲ್ಲಿ ಗುಡಿಸಿಟ್ಟ ಹಳೆಯ ತೌಡಿನ ರಾಶಿಗೆ ಹೋಗಿ ಬಿದ್ದ. ರೆಪ್ಪೆಯವರೆಗೆ ತೌಡು ಮೆತ್ತಿಕೊಂಡು ಎದ್ದು ಬಂದವನನ್ನು ನೋಡಿ ಸುರಕ್ಷಾ ನಗಲಾರಂಭಿಸಿ ನಿಲ್ಲಿಸಲಾಗದೆ ಕಂಬ ಹಿಡಿದುಕೊಂಡಳು.

ಹೊಸ ಬೇರಿಂಗ್ ಕೂತಿತು. ಬೆಲ್ಟು ಏರಿತು. ಬಿಸಿಲು ಇನ್ನೂ ಅಂಗಳದಲ್ಲಿರುವಾಗಲೇ ಮಿಲ್ಲು ಗುಡುಗುಡು ಎಂದು ಶುರುವಾಯಿತು. ಅಟ್ಟದಿಂದ ಧೂಳು ಉದುರಿತು, ಹೊಸ ತೌಡಿನ ಸಿಹಿ ವಾಸನೆ ಎದ್ದಿತು. ಕೆಂಪಕ್ಕಿ ಬೆಚ್ಚಗೆ ಧಾರೆಯಾಗಿ ಇಳಿಯುವಾಗ ಅಣ್ಣು ಹೆಗ್ಡೆಯವರು ಅದರ ಕೆಳಗೆ ಎರಡೂ ಕೈ ಒಡ್ಡಿ ನಿಂತುಬಿಟ್ಟರು. ಆ ಗದ್ದಲದಲ್ಲಿ ಶಿಶಿರ್ ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದ: "ನಮ್ಮ ವರ್ಕ್‌ಶಾಪಿಗೆ ಒಂದು ಪೆಟ್ಟಿಗೆ ಬೇಕು. ಎಲ್ಲ ತರದ್ದೂ ಇರಲಿ."

ತಾನು ಗೆದ್ದೆ ಎಂದು ಸುರಕ್ಷಾ ಹಿಗ್ಗಿದಳು. ಪೆಟ್ಟಿಗೆ ತಲುಪಿಸಿ, ಮುಗಿದಾಗ ಫೋನ್ ಮಾಡಿ ಎಂದು ಹೇಳಿ ಬಂದಳು. ಮರುವಾರ ಬೆಳ್ತಂಗಡಿಯ ಹೊಸ ಅಂಗಡಿಗಳ ಕಡೆ ಹೊರಟಳು. ಅವಳ ರೂಢಿ ಅದು: ಒಪ್ಪದವರ ಬಾಗಿಲಿಗೆ ವಾರವಾರ, ಒಪ್ಪಿದವರ ಬಾಗಿಲಿಗೆ ಮಾಲು ಮುಗಿದಾಗ. ಮೂಡುಬಿದಿರೆಯ ಚಾ ನೆನಪಾಗುತ್ತಿತ್ತು. ಕಾರಣವಿಲ್ಲದೆ ಹೋಗುವುದು ಹೇಗೆ ಎಂದು ಸುಮ್ಮನಿದ್ದಳು.

ಅಷ್ಟರಲ್ಲಿ ಶಿಶಿರನ ಫೋನು ಬಂತು. ಇನ್ನೊಂದು ಪೆಟ್ಟಿಗೆ ಬೇಕಂತೆ. ಕೊಟ್ಟು ಬಂದಳು. ಕೆಲವು ದಿನಕ್ಕೆ ಮತ್ತೆ ಫೋನು. ಚೈನಿನ ಸ್ಪ್ರೇ ಬೇಕು. ಆಮೇಲೆ ಬೆಲ್ಟಿನ ಸ್ಪ್ರೇ. ಆಮೇಲೆ ಕೈ ತೊಳೆಯುವ ಪೇಸ್ಟು. ಒಮ್ಮೆ ಡಬ್ಬಿಯ ಕೆಂಪು ಕೊಳವೆ ಕಾಣೆಯಾಗಿದೆ, ಒಂದು ತಂದುಕೊಡಬಹುದಾ ಎಂದು ಕೇಳಿದ. ಅವಳು ಒಂದು ಕೊಳವೆಗಾಗಿ ಬಿ.ಸಿ.ರೋಡಿನಿಂದ ಮೂಡುಬಿದಿರೆಗೆ ಹೋಗಿ ಚಾ ಕುಡಿದು ಬಂದಳು.

ಸಮದ್ ಕಾಕನಿಗೆ ಗುಮಾನಿ ಹತ್ತಿತು.

"ಒಂದು ಲೇತ್ ಅಂಗಡಿಗೆ ಇಷ್ಟು ಡಬ್ಬಿ ಎಂತಕ್ಕೆ? ಅವ ಅದನ್ನು ಕುಡಿಯುತ್ತಾನಾ?" ಎಂದರು. "ಕಾರ್ಕಳದ ಕಡೆಗೆ ಕೊಂಡುಹೋಗಿ ಮಾರ್ತಾ ಇರಬೇಕು. ಅಲ್ಲಿನ ಏಜೆಂಟ್ ನನ್ನ ಮೇಲೆ ಜಗಳಕ್ಕೆ ಬರ್ತಾನೆ. ನಡಿ, ಹೋಗಿ ನೋಡುವ."

"ಅವರು ಅಂಥವರಲ್ಲ ಕಾಕ."

"ಅಂಥವರು ಯಾರೂ ಅಂಥವರ ಹಾಗೆ ಕಾಣುವುದಿಲ್ಲ."

ಇಬ್ಬರೂ ಕಾರಿನಲ್ಲಿ ಹೋದರು. ಹೇಳದೆ ಕೇಳದೆ ಒಳಗೆ ಬಂದ ಸಮದ್ ಕಾಕನನ್ನು ನೋಡಿ ಶಿಶಿರ್ ಗಡಬಡಿಸಿ ಎದ್ದು ಸ್ಟೂಲು ಒರೆಸಿದ. ಕಾಕ ಕೂರಲಿಲ್ಲ. ಹಿಂದಿನ ಕೋಣೆಯ ಪರದೆ ಸರಿಸಿ ನೋಡಿದರು. ಗೋಡೆಯುದ್ದದ ಕಪಾಟಿನಲ್ಲಿ ಅವರ ಏಜೆನ್ಸಿಯ ಡಬ್ಬಿಗಳು ಸಾಲಾಗಿ, ಬಣ್ಣಕ್ಕೆ ಬಣ್ಣ ಸೇರಿಸಿ ಜೋಡಿಸಿಟ್ಟು ಕೂತಿದ್ದವು. ಒಂದೆರಡನ್ನು ಬಿಟ್ಟರೆ ಯಾವುದರ ಮುಚ್ಚಳವೂ ತೆಗೆದಿರಲಿಲ್ಲ. ನನ್ನ ಗೋಡೌನ್ ಕೂಡ ಇಷ್ಟು ಚಂದ ಇಲ್ಲ ಎಂದು ಕಾಕ ಗೊಣಗಿಕೊಂಡರು.

"ಮಾರುವುದೂ ಇಲ್ಲ, ಬಳಸುವುದೂ ಇಲ್ಲ. ಮತ್ತೆ ಎಂತಕ್ಕೆ ತರಿಸ್ತೀರಿ ಮಾರಾಯ್ರೆ?"

ಶಿಶಿರ್ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಸುರಕ್ಷಾಳ ಕಡೆ ಒಮ್ಮೆ ನೋಡಿ ಕಾಕನಿಗೆ ಹೇಳಿದ:

"ನಾನು ಬೇಡ ಅಂತಿದ್ದಾಗ ಇವರು ಪ್ರತಿ ವಾರ ಬರ್ತಿದ್ದರು. ಒಪ್ಪಿದ ಮೇಲೆ ಬರುವುದನ್ನೇ ಬಿಟ್ಟರು. ಮಾಲು ಮುಗಿದರೆ ಮಾತ್ರ ಬರ್ತೇನೆ ಅಂದರು. ಇಷ್ಟು ಸ್ಪ್ರೇ ಮುಗಿಸ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಅದಕ್ಕೆ..."

ಸಮದ್ ಕಾಕ ಶಿಶಿರನ ಮುಖ ನೋಡಿದರು, ಸುರಕ್ಷಾಳ ಮುಖ ನೋಡಿದರು. ಅವಳು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದಳು. ಕಾಕ ಮೆಲ್ಲಗೆ ಸ್ಟೂಲಿನ ಮೇಲೆ ಕೂತರು.

"ಚಾ ಸಿಗ್ತದಾ ಇಲ್ಲಿ?" ಎಂದು ಕೇಳಿದರು.

ಮುಂದಿನ ಆದಿತ್ಯವಾರ ಸಮದ್ ಕಾಕ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಶಿಶಿರನನ್ನು ಕಾರಿನಲ್ಲಿ ಕೂರಿಸಿಕೊಂಡು ಪಾಣೆಮಂಗಳೂರಿಗೆ ಬಂದರು. ಕಾಂತಿಯವರು ನೀರುದೋಸೆ, ಕೋಳಿ ಸಾರು ಮಾಡಿದ್ದರು. ಈ ಸಲ ಮಾತ್ರ ಕೇಳುವ ಮೊದಲೇ ಬಡಿಸಿದರು. ಮೊದಲ ದೋಸೆ ಮುಗಿಯುವವರೆಗೆ ತಡೆದು, ಆಮೇಲೆ ಕೇಳಿದರು.

"ನೋಡಿ, ನನ್ನ ಮಗಳು ಮನೆಯಲ್ಲಿ ಕೂರುವವಳಲ್ಲ."

"ಗೊತ್ತುಂಟು," ಎಂದ ಶಿಶಿರ್. "ಕೂರುವವರಾಗಿದ್ದರೆ ನಮಗೆ ಪರಿಚಯವೇ ಆಗ್ತಿರಲಿಲ್ಲ."

ಕಾಂತಿ ಅವನ ಬಟ್ಟಲಿಗೆ ಇನ್ನೊಂದು ದೋಸೆ ಹಾಕಿದರು. "ಮತ್ತೆ, ನನ್ನನ್ನು ನೋಡಿಕೊಳ್ತೇನೆ ಅಂತೆಲ್ಲ ಹೇಳ್ಲಿಕ್ಕೆ ಬರಬೇಡಿ. ನನ್ನ ಹೊಲಿಗೆ ಕ್ಲಾಸು ತುಂಬಿದೆ, ನನಗೆ ಪುರುಸೊತ್ತಿಲ್ಲ."

"ಅದೂ ಕೇಳಿದ್ದೇನೆ," ಎಂದ ಅವನು.

"ಮೂಡುಬಿದಿರೆಯಲ್ಲಿ ಒಂದು ಸಣ್ಣ ಗೋಡೌನ್ ಮಾಡಬೇಕು ಅಂತ ನಾನು ಎಣಿಸಿ ಕಾಲ ಆಯ್ತು ಕಾಂತಿಯಕ್ಕ," ಎಂದರು ಸಮದ್ ಕಾಕ. ಅವರು ಅದನ್ನು ಎಣಿಸಿದ್ದು ಬರುವ ದಾರಿಯಲ್ಲಿ. "ಆ ಕಡೆಯ ಲೈನು ಅಲ್ಲಿಂದಲೇ ಇವಳು ನೋಡಿಕೊಳ್ಳಲಿ."

ಎಲ್ಲ ಸರಿಹೋಗುತ್ತ ಬಂದಂತೆ ಸುರಕ್ಷಾಳಿಗೆ ಒಂದು ವಿಚಿತ್ರ ಸಿಟ್ಟು ಬಂತು. ಅವಳು ಕೈ ತೊಳೆದು, "ನಾನು ಸ್ವಲ್ಪ ನಡೆದು ಬರ್ತೇನೆ," ಎಂದು ಹೊರಟಳು. ಕಾಂತಿಯವರು ಶಿಶಿರನಿಗೆ ಕಣ್ಣಿನಲ್ಲೇ ಬಾಗಿಲು ತೋರಿಸಿದರು.

ಹಳೆಯ ಸೇತುವೆಯ ಮೇಲೆ ಗಾಳಿ ಜೋರಿತ್ತು. ಕೆಳಗೆ ನೇತ್ರಾವತಿ ಅಗಲವಾಗಿ, ಅವಸರವಿಲ್ಲದೆ ಹರಿಯುತ್ತಿತ್ತು. ಅವನು ಬಂದು ಪಕ್ಕದಲ್ಲಿ ನಿಂತ.

"ಎಂಥ ಆಯ್ತು?"

"ನೀವು ಕಾಕನಿಗೆ ಹೇಳಿದಿರಿ. ಕಾಕ ಅಮ್ಮನಿಗೆ ಹೇಳಿದರು. ಅಮ್ಮ ನಿಮ್ಮನ್ನು ಕೇಳಿದರು. ನನ್ನ ಹತ್ತಿರ ಯಾರೂ ಏನೂ ಕೇಳಲೇ ಇಲ್ಲ."

ಶಿಶಿರ್ ಕಂಬಿ ಹಿಡಿದುಕೊಂಡ. ಅವನು ಇದಕ್ಕೆ ತಯಾರಾಗಿ ಬಂದಿರಲಿಲ್ಲ ಎಂದು ಅವಳಿಗೆ ಕಂಡಿತು. ಕಿವಿಯವರೆಗೆ ಕೆಂಪಾಗಿದ್ದ.

"ನನಗೆ ಚಂದ ಮಾಡಿ ಮಾತಾಡ್ಲಿಕ್ಕೆ ಬರುವುದಿಲ್ಲ," ಎಂದ. "ನೀವು ಬರುವ ದಿನ ಬೆಳಗ್ಗಿನಿಂದಲೇ ಒಳ್ಳೆಯ ದಿನ ಆಗಿರ್ತದೆ ನನಗೆ. ದಿನಾ ಹಾಗೆ ಆಗಬಹುದಾ?"

"ಆಗಬಹುದು," ಎಂದಳು ಸುರಕ್ಷಾ. ಹೇಳಿ ಮುಗಿಸುವ ಮೊದಲೇ ನಗು ಬಂತು. ಅವನೂ ನಕ್ಕ. ಸೈಕಲ್ಲಿನಲ್ಲಿ ಮೀನಿನ ಬುಟ್ಟಿ ಕಟ್ಟಿಕೊಂಡು ಹೋಗುತ್ತಿದ್ದವನೊಬ್ಬ ಇವರಿಬ್ಬರೂ ಯಾವುದಕ್ಕೆ ನಗುತ್ತಿದ್ದಾರೆ ಎಂದು ಹೊಳೆಗೆ ಬಗ್ಗಿ ನೋಡಿದ. ಅಲ್ಲಿ ಏನೂ ಕಾಣದೆ ತಾನೂ ನಕ್ಕು ಮುಂದೆ ಹೋದ.

ಅವರು ಮನೆಗೆ ತಿರುಗಿ ಬರುವಾಗ ಜಗಲಿಯಲ್ಲಿ ಸಮದ್ ಕಾಕ ಮತ್ತು ಕಾಂತಿಯವರ ನಡುವೆ ಜೋರು ವಾದ ನಡೆದಿತ್ತು. ಮದುವೆ ಇಲ್ಲೇ ಬಂಟ್ವಾಳದಲ್ಲಿ ಆಗಬೇಕೆಂದು ಕಾಕ, ಹುಡುಗನ ಊರಲ್ಲೂ ಒಂದು ಊಟ ಆಗದಿದ್ದರೆ ಮರ್ಯಾದೆಯಲ್ಲವೆಂದು ಕಾಂತಿ. ಇಬ್ಬರೂ ಇವರನ್ನು ಗಮನಿಸಲೇ ಇಲ್ಲ. ಸುರಕ್ಷಾ ಬೆರಳು ತುಟಿಗಿಟ್ಟು, ಹಿಂದಿನ ಬಾಗಿಲಿನಿಂದ ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಉಳಿದ ನೀರುದೋಸೆಗಳನ್ನು ಇಬ್ಬರೂ ನಿಂತುಕೊಂಡೇ, ಪಾತ್ರೆಯಲ್ಲಿದ್ದ ಸಾರಿಗೆ ಅದ್ದಿ ಅದ್ದಿ ತಿಂದರು.